ಗೇಟಿಗೊಂದು ಹಕ್ಕಿ ಹುಡುಕಿದ ಬೇಸಿಗೆ

ಹೊಂಗೆ ಹೂವಿನ ವಾಸನೆ ಬಂದರೆ ಬೇರೆಯವರಿಗೆ ಯುಗಾದಿ ನೆನಪಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಹೋದ ವಾರ ಯಡಿಯೂರು ಕೆರೆಯ ಪಕ್ಕ ಸ್ಕೂಟರ್ ನಿಲ್ಲಿಸಿ ಸೊಪ್ಪು ಆರಿಸುತ್ತಿದ್ದಾಗ ಮೇಲಿನಿಂದ ಒಂದು ಹಿಡಿ ಹೂವು ಉದುರಿ ಮೆಂತ್ಯದ ಕಂತೆಯ ಮೇಲೆ ಬಿತ್ತು. ಸೊಪ್ಪಿನವಳು, "ಯಾಕಕ್ಕ, ಮುಖ ಹಂಗ್ ಮಾಡ್ಕೊಂಡ್ರಿ?" ಎಂದಳು. ಸೊಪ್ಪು ಬಾಡಿದೆ ಅಂತ ಸುಳ್ಳು ಹೇಳಿದೆ. ನನಗೆ ನೆನಪಾಗಿದ್ದು ಮೂರು ವರ್ಷದ ಹಿಂದಿನ ಬೇಸಿಗೆ, ನಾವು ಆಗ ಬಾಡಿಗೆಗಿದ್ದ ಲೇಔಟ್, ಅದರ ಗೇಟು ಮತ್ತು ಆ ಗೇಟಿಗಾಗಿ ನಾನು ಹುಡುಕಿಕೊಟ್ಟ ಹಕ್ಕಿ.

ಆ ಲೇಔಟಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯವರಿಗೆ ಹೆಮ್ಮೆಯಾದರೂ ಆದೀತು. ಜೆ.ಪಿ. ನಗರ ಮುಗಿದು ಕೋಣನಕುಂಟೆ ಶುರುವಾಗುವ ಕಡೆ, ರಾಜಕಾಲುವೆಯ ಮಗ್ಗುಲಲ್ಲಿ, ನಾಲ್ಕು ಅಡ್ಡರಸ್ತೆ, ಒಂದು ಪಾರ್ಕು, ಒಂದು ಗೇಟು. ಹಿಂದೆ ಅದು ಪುಟ್ಟರಾಜಣ್ಣ ಎಂಬುವವರ ತಂದೆಯ ರಾಗಿ ಹೊಲವಾಗಿತ್ತಂತೆ. ಈಗ ಅಲ್ಲಿ ಪುಟ್ಟರಾಜಣ್ಣನವರದೇ ಮೂರು ಕಟ್ಟಡ. ಅವುಗಳಲ್ಲೊಂದರ ಕೆಳಗಿನ ಮನೆಯಲ್ಲಿ ನಾನು ಮತ್ತು ಅಮ್ಮ ಇದ್ದೆವು. ನಾನು ಯಡಿಯೂರಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅಮ್ಮ ಆ ಸಂಕ್ರಾಂತಿಯ ವಾರ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದಳು.

ಅಮ್ಮನನ್ನು ಹಗಲು ನೋಡಿಕೊಳ್ಳಲು ಶೆಫಾಲಿ ಬರುತ್ತಿದ್ದಳು. ಬಂಗಾಳದ ನದಿಯಾ ಜಿಲ್ಲೆಯವಳು, ಮೂವತ್ತರ ಆಸುಪಾಸು. ಗಂಡ ಅರೆಕೆರೆಯ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಆರು ವರ್ಷದಿಂದ ಇಲ್ಲೇ ಇದ್ದುದರಿಂದ ಕನ್ನಡ ಚೆನ್ನಾಗಿಯೇ ಕಲಿತಿದ್ದಳು. ನನ್ನನ್ನು ಮಾತ್ರ ದೀದಿ ಎನ್ನುತ್ತಿದ್ದಳು. ಅಮ್ಮನನ್ನು ಅವಳು ಎತ್ತಿ ಕೂರಿಸಿ ಮೈ ಒರೆಸುತ್ತಿದ್ದ ಬಗೆ ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ಮುಟ್ಟಿದರೆ ಅಮ್ಮ ಮೈ ಬಿಗಿ ಹಿಡಿಯುತ್ತಿದ್ದಳು. ಶೆಫಾಲಿ ಮುಟ್ಟಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮಾರ್ಚ್ ತಿಂಗಳಲ್ಲಿ ಲೇಔಟಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಷಡಕ್ಷರಿಯವರು ನಮ್ಮ ಮನೆಗೆ ಬಂದರು. ದಾವಣಗೆರೆ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾಗಿದ್ದರು, ಮಾತು ಮೆತ್ತಗೆ. ಪಕ್ಕದ ಲೇಔಟಿನವರು ಗೇಟಿನ ಮೇಲೆ ಕಮಾನು ಕಟ್ಟಿ ನವಿಲು ಕೂರಿಸಿದ್ದು ಇವರ ನಿದ್ದೆ ಕೆಡಿಸಿತ್ತು.

"ನೋಡ್ರಿ ಮೇಡಂ, ದೇಶಕ್ಕೆ ನವಿಲು ಐತಿ, ರಾಜ್ಯಕ್ಕೆ ನೀಲಕಂಠ ಐತಿ. ನಮ್ಮ ಲೇಔಟಿಗೂ ಒಂದು ಹಕ್ಕಿ ಬ್ಯಾಡೇನು? ಕಮಾನಿಗೆ, ಲೆಟರ್‌ಹೆಡ್ಡಿಗೆ, ಸ್ಪೋರ್ಟ್ಸ್ ಡೇ ಟೀ ಶರ್ಟಿಗೆ, ಎಲ್ಲಾದಕ್ಕೂ ಬರ್ತೈತಿ. ನೀವು ಒಂದು ಛಲೋ ಹಕ್ಕಿ ಹುಡುಕಿ ಬರೆದುಕೊಡ್ರಿ. ಇಲ್ಲಿ ದಿನಾ ಕಾಣೋ ಹಕ್ಕಿನ ಆಗಿರ್ಬೇಕು."

ನನಗೆ ಖುಷಿಯಾಯಿತು. ನಾಲ್ಕು ವರ್ಷ ಆ ಲೇಔಟಿನಲ್ಲಿದ್ದರೂ ಯಾರೂ ನನ್ನನ್ನು ಏನಕ್ಕೂ ಕರೆದಿರಲಿಲ್ಲ. ಒಂದು ತಿಂಗಳು ಬೆಳಿಗ್ಗೆ ಪುಸ್ತಕ ಹಿಡಿದು ಪಾರ್ಕಿನಲ್ಲಿ ಕೂತೆ. ಹಕ್ಕಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಪಾರ್ಕಿನ ಪಂಪ್‌ಹೌಸ್ ಗೋಡೆಯಲ್ಲಿ, ಕಿತ್ತುಹಾಕಿದ ಹಳೆಯ ಪೈಪಿನ ತೂತಿನೊಳಗೆ ಒಂದು ಜೋಡಿ ಹಕ್ಕಿ ಗೂಡು ಕಟ್ಟಿತ್ತು. ಗಂಡಿಗೆ ಮಿರಮಿರ ಮಿಂಚುವ ಕಪ್ಪು ಬೆನ್ನು, ಬಿಳಿ ಹೊಟ್ಟೆ, ರೆಕ್ಕೆಯ ಮೇಲೊಂದು ಬಿಳಿ ಪಟ್ಟಿ. ಬಾಲ ಎತ್ತಿ ಇಳಿಸುತ್ತ, ಬೆಳಕು ಮೂಡುವ ಮೊದಲೇ ಟ್ಯಾಂಕಿನ ತುದಿಯಲ್ಲಿ ಕೂತು ಹಾಡಲು ಶುರುಮಾಡುತ್ತಿತ್ತು. ನೊಣಹಿಡುಕ ಹಕ್ಕಿಗಳ ಕುಲಕ್ಕೆ ಸೇರಿದ್ದು. ಕನ್ನಡದಲ್ಲಿ ಇದಕ್ಕೆ ಮಡಿವಾಳ ಎನ್ನುತ್ತಾರೆ.

ಆ ಹೆಸರು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಮ್ಮಪ್ಪ ಜಯನಗರದ ಒಂದು ಅಡ್ಡರಸ್ತೆಯಲ್ಲಿ, ಮರದಡಿ, ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದರು. ನಾವು ಮಡಿವಾಳರು. ಎದುರಿನ ಕಾಂಪೌಂಡಿನ ಮೇಲೆ ಆ ಹಕ್ಕಿ ಬಂದು ಕೂತರೆ ಅಪ್ಪ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, "ನೋಡಮ್ಮ, ನಮ್ಮ ಹಕ್ಕಿ. ಕರೀ ಕೋಟು, ಬಿಳೀ ಪಟ್ಟಿ, ಒಂದು ಸುಕ್ಕಿಲ್ಲ" ಎನ್ನುತ್ತಿದ್ದರು. ಅಪ್ಪ ಹೋದ ಮೇಲೆ ನಾವು ಬಾಡಿಗೆ ಮನೆ ಹುಡುಕುವಾಗಲೆಲ್ಲ ಜನ ತಂದೆಯ ಕೆಲಸ ಕೇಳುತ್ತಿದ್ದರು. ಅಮ್ಮ ನನಗೆ ಒಂದು ಉತ್ತರ ಹೇಳಿಕೊಟ್ಟಿದ್ದಳು: ಬಟ್ಟೆ ಬಿಸಿನೆಸ್ ಇತ್ತು. ಪುಟ್ಟರಾಜಣ್ಣನವರಿಗೂ ಅದನ್ನೇ ಹೇಳಿದ್ದೆ. ಅವರು, "ಓ, ಚಿಕ್ಕಪೇಟೆಲಾ?" ಎಂದಿದ್ದರು. ನಾನು ತಲೆಯಾಡಿಸಿದ್ದೆ.

ಚಿತ್ರ ಮುಗಿಸಿ ಗೋಡೆಗೆ ಆನಿಸಿಟ್ಟ ದಿನ ಶೆಫಾಲಿ ನೆಲ ಒರೆಸುತ್ತಿದ್ದವಳು ಬಟ್ಟೆ ಬಿಟ್ಟು ಎದ್ದಳು.

"ದೀದಿ! ಇದು ದೊಯೆಲ್ ಅಲ್ವಾ? ನಮ್ಮ ಊರಲ್ಲಿ ಮನೆ ಹಿಂದೆ ಇರುತ್ತೆ. ಇದು ಇಲ್ಲಿ ಕೂಡ ಇದೆಯಾ?"

"ಪಾರ್ಕಲ್ಲೇ ಇದೆ ಕಣೆ. ನೀನು ನೋಡೇ ಇಲ್ವಾ?"

"ನಾನು ಎಲ್ಲಿ ಮೇಲೆ ನೋಡ್ತೀನಿ?" ಎಂದು ನಕ್ಕಳು.

ಯುಗಾದಿ ಕಳೆದ ಭಾನುವಾರ ಬೆಳಿಗ್ಗೆ ಪಾರ್ಕಿನ ಮಂಟಪದಲ್ಲಿ ಸಭೆ ನಡೆಯಿತು. ಹೊಂಗೆ ಮರಗಳು ನೆಲ ಕಾಣದಂತೆ ಹೂವು ಸುರಿಸಿದ್ದವು. ಮೂವತ್ತು ಜನ ಸೇರಿದ್ದರು. ಚಿತ್ರ ಬಿಚ್ಚಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಒಬ್ಬರು ಫೋಟೋ ತೆಗೆದುಕೊಂಡರು. ಪುಟ್ಟರಾಜಣ್ಣನವರು ಕನ್ನಡಕ ಏರಿಸಿ ಹತ್ತಿರ ಬಂದು ನೋಡಿದರು.

"ಸಖತ್ತಾಗಿದೆ ಮೇಡಂ. ಇದಕ್ಕೆ ಕನ್ನಡದಲ್ಲಿ ಏನಂತಾರೆ?"

"ಮಡಿವಾಳ ಅಂತಾರೆ ಅಣ್ಣ."

"ಮಡಿವಾಳ ಅಂದ್ರೆ... ಬಿಟಿಎಂ ಹತ್ರದ ಮಡಿವಾಳನಾ?"

ಯಾರೋ ಹಿಂದಿನಿಂದ, "ಊರಲ್ಲ ಅಣ್ಣ, ಅಗಸರು" ಎಂದರು.

ಪುಟ್ಟರಾಜಣ್ಣ ಹೊಟ್ಟೆ ಹಿಡಿದು ನಕ್ಕರು. "ಅಯ್ಯೋ ಮೇಡಂ! ಪಕ್ಕದೋರ ಗೇಟಲ್ಲಿ ನವಿಲು, ನಮ್ಮ ಗೇಟಲ್ಲಿ ಅಗಸರ ಹಕ್ಕಿನಾ? ಇಲ್ಲಿ ಬಟ್ಟೆ ಒಗೆದುಕೊಡಲಾಗುವುದು ಅಂತ ಬೋರ್ಡ್ ಹಾಕ್ದಂಗಾಗುತ್ತೆ!"

ಮಂಟಪಕ್ಕೆ ಮಂಟಪವೇ ನಕ್ಕಿತು. ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಬರೆಯುತ್ತೇನೆ. ಅವರೆಲ್ಲರ ಜೊತೆ, ಹಲ್ಲು ಕಾಣುವಂತೆ, ನಾನೂ ನಕ್ಕೆ.

ಅಷ್ಟರಲ್ಲಿ ಷಡಕ್ಷರಿಯವರು ಫೋನಿನಲ್ಲಿ ಏನೋ ಹುಡುಕುತ್ತಿದ್ದವರು ತಲೆಯೆತ್ತಿದರು. "ಅದಿರ್ಲಿ, ಇಲ್ಲಿ ನೋಡ್ರಿ. ಇದು ಬಾಂಗ್ಲಾದೇಶದ ರಾಷ್ಟ್ರಪಕ್ಷಿ ಅಂತ ಐತಲ್ರಿ!"

ನಗು ನಿಂತಿತು. ಒಂದು ಹೆಂಗಸು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು, ಚಿತ್ರ ಕಚ್ಚುತ್ತದೇನೋ ಎಂಬಂತೆ. "ಇದನ್ನ ಯಾರ್ರೀ ಹೇಳ್ಕೊಟ್ಟಿದ್ದು ನಿಮ್ಗೆ?" ಎಂದರು ಮತ್ತೊಬ್ಬರು.

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದುದನ್ನು ಸಹಿಸಲಾಗಲಿಲ್ಲ. ಏನಾದರೂ ಹೇಳಿ ಅಲ್ಲಿಂದ ತಪ್ಪಿಸಿಕೊಳ್ಳಬೇಕಿತ್ತು. "ಎಲ್ಲ ಕಡೆ ಇರೋ ಹಕ್ಕಿ ಸಾರ್ ಇದು. ಅದು ದೇಶ ಎಲ್ಲ ನೋಡುತ್ತಾ? ನಮ್ಮನೆ ಕೆಲಸದ ಶೆಫಾಲಿ ಕೂಡ ನೋಡಿ, ನಮ್ಮೂರ ಹಕ್ಕಿ ಅಂದ್ಳು" ಎಂದೆ.

ಆ ಮಾತು ನನ್ನ ಬಾಯಿಂದಲೇ ಬಂತು.

"ಶೆಫಾಲಿ ಯಾವೂರೋಳು?" ಎಂದು ಪುಟ್ಟರಾಜಣ್ಣ ಕೇಳಿದರು. ಅವರ ದನಿಯಲ್ಲಿ ನಗು ಇರಲಿಲ್ಲ.

"ಬಂಗಾಳ. ನದಿಯಾ ಅಂತ. ನಮ್ಮ ದೇಶದಲ್ಲೇ ಇದೆ."

"ಹಂಗೇ ಹೇಳೋದು ಎಲ್ರೂ" ಎಂದು ಕುರ್ಚಿ ಸರಿಸಿಕೊಂಡಿದ್ದ ಹೆಂಗಸು ಹೇಳಿದರು. ಅವರ ಮನೆಯಲ್ಲೂ ಶೆಫಾಲಿ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದಳು.

ಅಲ್ಲಿಂದ ಮುಂದೆ ಸಭೆ ಹಕ್ಕಿಯದಾಗಿ ಉಳಿಯಲಿಲ್ಲ. ಯಾರ ಮನೆಗೆ ಯಾರು ಬರುತ್ತಾರೆ, ಯಾರ ಹತ್ತಿರ ಯಾವ ಕಾಗದವಿದೆ ಎಂಬ ಮಾತೇ ನಡೆಯಿತು. ನಾನು ಚಿತ್ರ ಸುತ್ತಿಕೊಂಡು ಮನೆಗೆ ಬಂದೆ. ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ, "ಸುಮ್ನಿರು. ಬಾಡಿಗೆ ಮನೆ" ಎಂದಳು.

ಮರುದಿನ ಬೆಳಿಗ್ಗೆ ಸ್ಕೂಟರ್ ಹೊರತೆಗೆದು ಗೇಟಿನ ಹತ್ತಿರ ಬರುವಾಗ ಶೆಫಾಲಿ ಗೇಟಿನ ಆಚೆ ನಿಂತಿದ್ದಳು. ಈಚೆ ವಾಚ್‌ಮನ್, ಪುಟ್ಟರಾಜಣ್ಣ, ಷಡಕ್ಷರಿ. ಅವಳ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಧಾರ್, ವೋಟರ್ ಕಾರ್ಡ್, ಊರಿನ ಶಾಲೆಯ ಸರ್ಟಿಫಿಕೇಟ್. ಒಂದೊಂದನ್ನೇ ಕಂಬಿಗಳ ನಡುವಿನಿಂದ ಚಾಚುತ್ತಿದ್ದಳು.

"ಆಧಾರ್ ಯಾರ್ ಬೇಕಾದ್ರೂ ಮಾಡಿಸ್ಕೋತಾರೆ ಕಣಮ್ಮ" ಎಂದು ಪುಟ್ಟರಾಜಣ್ಣ ಅದನ್ನು ನೋಡದೆಯೇ ಹಿಂದಿರುಗಿಸಿದರು. "ಪೊಲೀಸ್ ವೆರಿಫಿಕೇಷನ್ ಆಗ್ಲಿ, ಆಮೇಲ್ ನೋಡಣ."

ಶೆಫಾಲಿ ನನ್ನನ್ನು ಕಂಡಳು. "ದೀದಿ, ನೀವು ಹೇಳಿ. ನಾನು ಯಾರು ಅಂತ ನೀವು ಹೇಳಿ."

ಮೂವರೂ ತಿರುಗಿ ನನ್ನತ್ತ ನೋಡಿದರು. ಆ ದಿನ ಶಾಲೆಯಲ್ಲಿ ಪರೀಕ್ಷೆ, ನನಗೆ ಮೊದಲ ಕೊಠಡಿಯ ಡ್ಯೂಟಿ. ಅದೆಲ್ಲ ನಿಜ. ಆದರೆ ಎರಡು ನಿಮಿಷಕ್ಕೆ ಪರೀಕ್ಷೆ ಕೆಡುತ್ತಿರಲಿಲ್ಲ.

"ಸಂಜೆ ಮಾತಾಡ್ತೀನಿ" ಎಂದೆ. ವಾಚ್‌ಮನ್ ನನಗಾಗಿ ಗೇಟು ತೆರೆದ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಸಂಜೆ ಅವಳಿರಲಿಲ್ಲ. ಫೋನ್ ಎತ್ತಲಿಲ್ಲ. ಅಮ್ಮ ಮಧ್ಯಾಹ್ನದಿಂದ ಒದ್ದೆಯಲ್ಲೇ ಮಲಗಿದ್ದಳು. ಎರಡು ವಾರದಲ್ಲಿ ಲೇಔಟಿನಲ್ಲಿ ಕೆಲಸ ಮಾಡುತ್ತಿದ್ದ ಇನ್ನೂ ನಾಲ್ಕು ಹೆಂಗಸರು ಬರುವುದು ನಿಂತಿತು. ಅವರಲ್ಲಿ ಒಬ್ಬಳು ಒಡಿಶಾದವಳು. ಅವಳ ಭಾಷೆ ಯಾವುದು ಎಂದು ಕೇಳುವ ವ್ಯವಧಾನವೂ ಯಾರಿಗೂ ಇರಲಿಲ್ಲ. ಮನೆಮನೆಯಲ್ಲೂ ಪಾತ್ರೆ ಗುಡ್ಡೆ ಬಿತ್ತು, ಗೊಣಗಾಟ ಎದ್ದಿತು, ಸಿಟ್ಟು ಮಾತ್ರ ಆ ಹೆಂಗಸರ ಮೇಲೆಯೇ ಇತ್ತು.

ಬೇಸಿಗೆ ರಜೆ ಶುರುವಾದ ಮೇಲೆ ಒಂದು ಮಧ್ಯಾಹ್ನ ನಾನು ಅರೆಕೆರೆಯ ಆಚೆ, ಶೆಫಾಲಿ ಇದ್ದ ಜಾಗ ಹುಡುಕಿಕೊಂಡು ಹೋದೆ. ಖಾಲಿ ಸೈಟೊಂದರಲ್ಲಿ ಸಾಲಾಗಿ ತಗಡಿನ ಮನೆಗಳು. ಬಿಸಿಲಿಗೆ ತಗಡು ಚಟಚಟ ಎನ್ನುತ್ತಿತ್ತು. ಅವಳು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡರೂ ಏಳಲಿಲ್ಲ.

"ಅಮ್ಮ ಹೇಗಿದ್ದಾರೆ?" ಎಂದಳು.

"ಇದ್ದಾರೆ. ಶೆಫಾಲಿ, ತಪ್ಪಾಯ್ತು."

"ನಾನು ಕಾಗದ ತೋರಿಸ್ದೆ ದೀದಿ. ಎಲ್ಲಾ ತೋರಿಸ್ದೆ. ನೀವು ಏನು ತೋರಿಸಿದ್ರಿ?"

ನಾನು ನೆಲದ ಮೇಲೇ ಕೂತೆ. ನನ್ನ ಕಥೆಯೇ ಹೇಳಲು ಶುರುಮಾಡಿದೆ. ಅಪ್ಪನ ಇಸ್ತ್ರಿ ಗಾಡಿ, ನಮ್ಮ ಜಾತಿ, ಚಿಕ್ಕಪೇಟೆಯ ಸುಳ್ಳು, ಮಂಟಪದಲ್ಲಿ ಅವರು ನಕ್ಕಿದ್ದು, ನಾನೂ ನಕ್ಕಿದ್ದು. ನನಗೂ ಭಯವಿದೆ, ನಾನೂ ನಿನ್ನ ಹಾಗೆಯೇ ಎಂದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಅವಳು ನನ್ನ ಕೈ ಹಿಡಿಯುತ್ತಾಳೆ ಅಂದುಕೊಂಡಿದ್ದೆ.

ಅವಳು ಮೊರ ಕೆಳಗಿಟ್ಟಳು. ಅವಳ ಮುಖ ಹಾಗಾಗಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಇದು ನನಗೆ ಯಾಕೆ ಹೇಳ್ತೀರಾ? ನಾನು ನಿಮ್ಮನ್ನ ಬೈದಿದೀನಾ, ನಕ್ಕಿದೀನಾ? ಅವ್ರಿಗೆ ಹೇಳಿ. ನನ್ನ ಹತ್ರ ಅತ್ತು ಮನೆಗೆ ಹೋಗಿ ಆರಾಮಾಗಿ ಮಲಗ್ಬೇಡಿ."

ಅಲ್ಲಿಂದ ಹಿಂದಿರುಗುವಾಗ ನನಗೆ ಅವಳ ಮೇಲೆಯೇ ಸಿಟ್ಟು ಬಂದಿತ್ತು. ಇಷ್ಟು ದೂರ ಬಂದೆನಲ್ಲ, ಕ್ಷಮೆ ಕೇಳಿದೆನಲ್ಲ ಎಂದು. ಆ ಸಿಟ್ಟು ಎರಡು ದಿನವಿತ್ತು. ಮೂರನೆಯ ದಿನ ಅದು ಯಾರ ಕಡೆ ತಿರುಗಬೇಕಿತ್ತೋ ಆ ಕಡೆ ತಿರುಗಿತು.

ಈ ನಡುವೆ ಸಂಘದವರು ಬೇರೆ ಹಕ್ಕಿ ಆರಿಸಿದ್ದರು. ರಾಜಹಕ್ಕಿ. ತಲೆ ಕಪ್ಪು, ಅದರ ಮೇಲೊಂದು ಜುಟ್ಟು, ಮೈಯೆಲ್ಲ ಹಾಲಿನ ಬಿಳುಪು, ಹಿಂದೆ ಎರಡು ಉದ್ದನೆಯ ರಿಬ್ಬನ್ ಕಟ್ಟಿದಂಥ ಬಾಲ. ಅದೂ ನೊಣಹಿಡುಕ ಎಂದೇ ಕರೆಸಿಕೊಳ್ಳುವ ಹಕ್ಕಿ. ಚಳಿಗಾಲದಲ್ಲಿ ಯಾವಾಗಲಾದರೂ ಒಂದೆರಡು ದಿನ ಪಾರ್ಕಿಗೆ ಬಂದು ಹೋಗುತ್ತದೆ. "ಹೆಸರಲ್ಲೇ ರಾಜ ಇದಾನೆ, ಇನ್ನೇನ್ ಬೇಕು" ಎಂದರಂತೆ ಪುಟ್ಟರಾಜಣ್ಣ. ಅದು ಮಧ್ಯಪ್ರದೇಶದ ರಾಜ್ಯಪಕ್ಷಿ ಎಂದು ನಾನು ಷಡಕ್ಷರಿಯವರಿಗೆ ಹೇಳಿದೆ. "ಆಗ್ಲಿ ಬಿಡ್ರಿ, ನಮ್ಮ ದೇಶದ್ದೇ ಅಲ್ಲೇನು" ಎಂದರು. ಬರೆದುಕೊಡಿ ಎಂದಾಗ ಆಗುವುದಿಲ್ಲ ಎಂದೆ. ಕಾರಣ ಕೇಳಲಿಲ್ಲ. ಫ್ಲೆಕ್ಸ್ ಅಂಗಡಿಗೆ ಹೇಳಿ ಮಾಡಿಸಿದರು.

ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ ಕಮಾನಿನ ಉದ್ಘಾಟನೆ. ಶಾಮಿಯಾನ, ಮೈಕು, ಬಾಳೆಕಂದು, ಉಪ್ಪಿಟ್ಟು, ಕೇಸರಿಬಾತು. ಪುಟ್ಟರಾಜಣ್ಣ ದಾರ ಎಳೆದರು, ಹಳದಿ ಬಟ್ಟೆ ಜಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕತ್ತೆತ್ತಿ ನೋಡಿದೆ, ಇನ್ನೊಮ್ಮೆ ನೋಡಿದೆ.

ಅದು ರಾಜಹಕ್ಕಿಯಾಗಿರಲಿಲ್ಲ. ತಲೆ ಕಪ್ಪಗಿರಲಿಲ್ಲ, ಬೂದಿ ಬಣ್ಣ. ಜುಟ್ಟಿರಲಿಲ್ಲ. ಪಕ್ಕೆಯಲ್ಲಿ ನಸುಗೆಂಪು. ಬಾಲ ಕತ್ತರಿಯ ಹಾಗೆ ಎರಡು ಸೀಳು. ಫ್ಲೆಕ್ಸ್ ಅಂಗಡಿಯವನು ಉದ್ದ ಬಾಲದ ನೊಣಹಿಡುಕ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿ, ಸಿಕ್ಕಿದ್ದನ್ನು ಇಳಿಸಿಕೊಂಡು ಹತ್ತಡಿ ಅಗಲಕ್ಕೆ ಹಿಗ್ಗಿಸಿದ್ದ.

ನಾನು ನೇರ ಹೋಗಿ ಪುಟ್ಟರಾಜಣ್ಣನವರ ಮುಂದೆ ನಿಂತೆ. ಅವರ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆಯಿತ್ತು.

"ಅಣ್ಣ, ಇದು ರಾಜಹಕ್ಕಿ ಅಲ್ಲ. ಇದು ನಮ್ಮ ದೇಶದಲ್ಲೇ ಇಲ್ಲ. ಅಮೆರಿಕದಲ್ಲಿ ಒಕ್ಲಹೋಮ ಅಂತ ಒಂದು ರಾಜ್ಯ ಇದೆ, ಅದರ ರಾಜ್ಯಪಕ್ಷಿ."

ಪುಟ್ಟರಾಜಣ್ಣ ಮೇಲೆ ನೋಡಿದರು, ನನ್ನನ್ನು ನೋಡಿದರು, ಒಂದು ಚಮಚ ಉಪ್ಪಿಟ್ಟು ಬಾಯಿಗಿಟ್ಟರು.

"ಅಮೆರಿಕದ್ದು ತಾನೇ ಮೇಡಂ? ಇರ್ಲಿ ಬಿಡಿ. ಚೆನ್ನಾಗೇ ಇದೆಯಲ್ಲ."

ಮಂಟಪದಲ್ಲಿ ನಕ್ಕವರೇ ಇಲ್ಲೂ ನಕ್ಕರು. ಈ ಸಲ ನಾನು ನಗಲಿಲ್ಲ.

"ಪಂಪ್‌ಹೌಸಲ್ಲಿ ಮರಿ ಮಾಡಿರೋ ಹಕ್ಕಿ ಬಾಂಗ್ಲಾದೇಶದ್ದು ಅಂತ ಆಗ್ಲಿಲ್ಲ. ಇದು ಅಮೆರಿಕದ್ದು, ಆಗುತ್ತೆ. ಸರಿ. ಇನ್ನೊಂದು ವಿಷಯ ಕೇಳಿ. ನಮ್ಮಪ್ಪನಿಗೆ ಚಿಕ್ಕಪೇಟೆಲಿ ಅಂಗಡಿ ಇರ್ಲಿಲ್ಲ. ಜಯನಗರದಲ್ಲಿ ಇಸ್ತ್ರಿ ಮಾಡ್ತಿದ್ರು. ನೀವು ಅಗಸರು ಅಂತ ನಕ್ಕರಲ್ಲ, ನಾವು ಅವರೇ. ನಾಲ್ಕು ವರ್ಷದಿಂದ ನಿಮ್ಮನೇಲಿದೀವಿ. ನಿಮ್ಮ ಮಗಳ ಮದುವೆಗೆ ಬಂದು ಊಟ ಮಾಡಿದೀವಿ. ನೀವು ನಮ್ಮನೇಲಿ ಕಾಫಿ ಕುಡಿದಿದೀರಾ."

ಮೈಕು ಹತ್ತಿರದಲ್ಲೇ ಇತ್ತೆಂದು ನನಗೆ ಗೊತ್ತಾದದ್ದು ನನ್ನ ದನಿ ಶಾಮಿಯಾನದ ಆ ಕೊನೆಯಿಂದ ಕೇಳಿದಾಗ. ನಿಲ್ಲಿಸಲಿಲ್ಲ.

"ಶೆಫಾಲಿ ಕಾಗದ ಎಲ್ಲ ಸರಿ ಇದೆ. ಅವತ್ತು ಗೇಟಲ್ಲಿ ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ. ಈಗ ಹೇಳ್ತಿದೀನಿ. ಅವಳು ನಮ್ಮನೆಗೆ ಬಂದ್ರೆ ಇನ್ಮೇಲೆ ಯಾರಾದ್ರೂ ತಡೀರಿ ನೋಡೋಣ, ಪೊಲೀಸ್ ಸ್ಟೇಷನ್‌ಗೆ ನಾನೇ ಹೋಗ್ತೀನಿ."

ಷಡಕ್ಷರಿಯವರು ಓಡಿಬಂದು ಮೈಕು ಆರಿಸಿದರು. "ಛೇ ಛೇ, ನಾವು ಜಾತಿಗೀತಿ ಎಲ್ಲಾ ನೋಡೋದಿಲ್ರೀ ಮೇಡಂ. ನೀವು ಯಾಕ ಹಿಂಗ ಮನಸ್ಸಿಗೆ ಹಚ್ಕೊಂಡ್ರಿ? ಕೇಸರಿಬಾತ್ ತಗೋರಿ" ಎಂದರು. ಪುಟ್ಟರಾಜಣ್ಣ ತಟ್ಟೆ ಕೆಳಗಿಟ್ಟು, ಕೈ ತೊಳೆಯಲು ಹೋದರು.

ಮೂರನೆಯ ದಿನ ಅವರ ಮಗ ಬಂದು, ಮನೆ ತಂಗಿಗೆ ಬೇಕಾಗಿದೆ, ಖಾಲಿ ಮಾಡಿ ಎಂದ. ಯಾವ ತಂಗಿಯೂ ಆಮೇಲೆ ಅಲ್ಲಿಗೆ ಬರಲಿಲ್ಲ ಎಂದು ಕೇಳಿದ್ದೇನೆ. ನನ್ನ ಹತ್ತಿರ ಭಾನುವಾರ ಚಿತ್ರ ಕಲಿಯಲು ಬರುತ್ತಿದ್ದ ಆರು ಮಕ್ಕಳೂ ನಿಂತರು. ದಾರಿಯಲ್ಲಿ ಸಿಕ್ಕವರು ಫೋನ್ ಕಿವಿಗಿಟ್ಟುಕೊಂಡು ದಾಟುತ್ತಿದ್ದರು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ತಿರುಗಿಸಿ ಆಡಬಹುದಿತ್ತು. ಜೂನ್‌ನಲ್ಲಿ ಶಾಲೆ ಶುರುವಾಯಿತು. ಅಮ್ಮನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿ, ಮಧ್ಯಾಹ್ನ ಒಂದು ಸಲ ಅಷ್ಟು ದೂರ ಓಡಿಬಂದು ನೋಡಿ ಮತ್ತೆ ಓಡುತ್ತಿದ್ದೆ.

ಆಷಾಢದಲ್ಲಿ ಯಡಿಯೂರಿನಲ್ಲಿ, ಶಾಲೆಯ ಹಿಂದಿನ ರಸ್ತೆಯಲ್ಲಿ ಒಂದು ಮನೆ ಸಿಕ್ಕಿತು. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ಅದಕ್ಕೇ ಸಿಕ್ಕಿತು. ಟೆಂಪೋದವನೂ ಕೂಡಲೇ ಬಂದ. ಜಿಟಿಜಿಟಿ ಮಳೆಯಲ್ಲಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ಒಯ್ದೆವು. ಸಹಾಯಕ್ಕೆ ಲೇಔಟಿನ ಒಂದು ಕೈಯೂ ಬರಲಿಲ್ಲ. ವಾಚ್‌ಮನ್ ಮಾತ್ರ ಬಂದ, ಅವನೂ ಸುತ್ತ ನೋಡಿಕೊಂಡು.

ಹೊಸ ಮನೆಗೆ ಬಂದ ಸಂಜೆಯೇ ಶೆಫಾಲಿಗೆ ಫೋನ್ ಮಾಡಿದೆ. ಈ ಸಲ ಎತ್ತಿದಳು. ನಡೆದುದನ್ನೆಲ್ಲ ಹೇಳಿದೆ, ಮೈಕಿನ ವಿಷಯ ಕೂಡ. ಇಲ್ಲಿ ಗೇಟಿಲ್ಲ, ಸಂಘವಿಲ್ಲ, ಬಾ ಎಂದೆ.

"ಒಳ್ಳೇದಾಯ್ತು ದೀದಿ, ಹೇಳಿದ್ರಲ್ಲ" ಎಂದಳು. "ಆದ್ರೆ ನಾನು ಬರಲ್ಲ. ಬಿಟಿಎಂನಲ್ಲಿ ಕೆಲಸ ಸಿಕ್ಕಿದೆ."

"ಸಿಟ್ಟು ಹೋಗಿಲ್ವಾ?"

"ಇಲ್ಲ" ಎಂದಳು, ಬಹಳ ಸರಳವಾಗಿ. ಆಮೇಲೆ ಕೇಳಿದಳು. "ಅಮ್ಮನ್ನ ಯಾವ ಕಡೆ ಮಲಗಿಸ್ತೀರಾ?"

"ಯಾಕೆ?"

"ಎಡಗಡೆ ಮಲಗಿಸ್ಬೇಡಿ. ಬಲಗಡೆ ಮಲಗಿಸಿ. ಎಡಗಡೆ ಆದ್ರೆ ಅಮ್ಮನಿಗೆ ತುಂಬಾ ನೋವು. ಅವ್ರು ಹೇಳಲ್ಲ. ಅಳ್ತಾರೆ, ಸೌಂಡ್ ಬರಲ್ಲ, ನೀವು ಮುಖ ನೋಡ್ಬೇಕು." ಅಷ್ಟು ಹೇಳಿ ಫೋನ್ ಇಟ್ಟಳು.

ನಾನು ಒಳಗೆ ಹೋದೆ. ಅವಳು ಬರುವುದು ನಿಂತಾಗಿನಿಂದ, ಮೂರು ತಿಂಗಳು, ದಿನಾ ನಾನು ಅಮ್ಮನನ್ನು ಎಡ ಮಗ್ಗುಲಿಗೇ ಮಲಗಿಸುತ್ತಿದ್ದೆ, ಗೋಡೆಯ ಕಡೆ ಮುಖ ಮಾಡಿ.